ತೂಗುಸೇತುವೆಯ ಸೀಮೆಯಲ್ಲಿ ಜೋಲಿ ನಿದ್ದೆ

ಮಕ್ಕಳೇ, ನನ್ನ ವಯಸ್ಸಿನವರು ಟೆಂಟಿನಲ್ಲಿ ಮಲಗಲು ಹಿಂದೇಟು ಹಾಕುವುದು ಏಕೆ ಗೊತ್ತೇ? ಹುಲಿಗೆ ಹೆದರಿ ಅಲ್ಲ, ಹಾವಿಗೂ ಅಲ್ಲ. ನಾವು ಹೆದರುವುದು ನೆಲಕ್ಕೆ. ಹತ್ತು ವರ್ಷದ ಹುಡುಗ ನೆಲದ ಮೇಲೆ ಧೊಪ್ಪೆಂದು ಕೂತು ಛಂಗನೆ ಏಳುತ್ತಾನೆ. ಎಪ್ಪತ್ತು ದಾಟಿದವನು ನೆಲಕ್ಕೆ ಇಳಿಯಬೇಕಾದರೆ ಮೊದಲು ಗೋಡೆ ಹುಡುಕಬೇಕು. ಆಮೇಲೆ ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ, ನಡುವೆ ಒಂದೆರಡು ಸಲ ‘ರಾಮ ರಾಮ’. ಏಳುವಾಗ ಇದೆಲ್ಲ ತಿರುಗುಮುರುಗು. ಟೆಂಟಿನಲ್ಲಿ ಹಿಡಿದುಕೊಳ್ಳಲು ಗೋಡೆಯೂ ಇರುವುದಿಲ್ಲ. ರಾತ್ರಿ ಎರಡು ಸಲವಾದರೂ ಏಳಲೇಬೇಕಾದ ವಯಸ್ಸು ನಮ್ಮದು.

ಈ ಕಾರಣಕ್ಕೇ ಕಳೆದ ಮೂರು ಬೇಸಿಗೆಗಳಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಟೆಂಟು ಕಟ್ಟಿಕೊಂಡು ಹೊರಟಾಗ ನಾನೂ ನನ್ನಾಕೆಯೂ ಮೈಸೂರಿನಲ್ಲಿ ಮನೆ ಕಾಯುತ್ತಿದ್ದೆವು. ಹಾಲು ನಿಲ್ಲಿಸಬೇಕಾಗಿಲ್ಲ, ತುಳಸಿಗೆ ನೀರು ಹಾಕಲು ಯಾರನ್ನೂ ಕೇಳಬೇಕಾಗಿಲ್ಲ ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದೆವು. ಮಕ್ಕಳು ತಿರುಗಿ ಬಂದು ‘ತಾತ, ನೀವು ಇರಬೇಕಿತ್ತು’ ಎಂದಾಗ ಮಾತ್ರ ಆ ಸಮಾಧಾನ ಸ್ವಲ್ಪ ಸಡಿಲವಾಗುತ್ತಿತ್ತು.

ಹೋದ ಡಿಸೆಂಬರಿನಲ್ಲಿ ಮಗ ಒಂದು ಚೀಲ ತಂದು ಮುಂದಿಟ್ಟ. ಒಳಗೆ ಒಂದು ದೊಡ್ಡ ಬಟ್ಟೆ, ಅಗಲವಾದ ಪಟ್ಟಿಗಳು, ಮಡಚಬಹುದಾದ ಎರಡು ಅಲ್ಯೂಮಿನಿಯಂ ಕೋಲುಗಳು. ‘ಅಪ್ಪ, ಇದಕ್ಕೆ ಬ್ರಿಜ್ ಹ್ಯಾಮಕ್ ಅಂತಾರೆ. ಎರಡು ಮರದ ನಡುವೆ ಕಟ್ಟಿ ಮಲಗೋದು. ನೆಲಕ್ಕೆ ಇಳಿಯೋ ಹಾಗೇ ಇಲ್ಲ. ನಿಮಗೆ ಇದು ಒಗ್ಗಿದರೆ ಈ ಸಲ ಬೇಸಿಗೆಗೆ ನೀವೂ ಅಮ್ಮನೂ ಬರ್ತೀರಿ’ ಅಂದ. ಒಗ್ಗದಿದ್ದರೆ ಏನೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪರೀಕ್ಷೆಗೆ ನಾನೇ ಒಂದು ಜಾಗ ಸೂಚಿಸಿದೆ. ಸುಳ್ಯದ ಹತ್ತಿರ ನನ್ನ ಹಳೆಯ ಸ್ನೇಹಿತರೊಬ್ಬರ ಅಡಿಕೆ ತೋಟವಿದೆ. ಅಲ್ಲಿ ಮರಗಳಿವೆ, ಪಕ್ಕದಲ್ಲೇ ಮನೆಯಿದೆ. ರಾತ್ರಿ ನಿದ್ದೆ ಬಾರದಿದ್ದರೆ ನಾಲ್ಕು ಹೆಜ್ಜೆ ನಡೆದು ಒಳಗೆ ಮಂಚದಲ್ಲಿ ಮಲಗಬಹುದು. ಹೊಸ ಸಾಲಗಾರನಿಗೆ ಮೊದಲು ಸಣ್ಣ ಸಾಲ ಕೊಟ್ಟು ನೋಡುವಂತೆ, ಹೊಸ ಹಾಸಿಗೆಯನ್ನೂ ಮೊದಲು ಮನೆಯ ಅಂಗಳದಲ್ಲೇ ನೋಡುವುದು ಒಳ್ಳೆಯದು.

ಕ್ರಿಸ್‌ಮಸ್ ರಜೆಯಲ್ಲಿ ಹೊರಟೆವು. ಹುಣಸೂರು, ಕುಶಾಲನಗರ, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದರೆ ಸುಳ್ಯ. ಮೈಸೂರಿನಿಂದ ಸುಮಾರು 170 ಕಿಲೋಮೀಟರ್. ಮಡಿಕೇರಿಯಲ್ಲಿ ಸ್ವೆಟರ್ ಹಾಕಿಕೊಂಡ ಮಕ್ಕಳು ಘಾಟಿ ಇಳಿದೊಡನೆ ಅದನ್ನು ಕಳಚಿ ಎಸೆದರು. ರಸ್ತೆಯ ಪಕ್ಕದಲ್ಲಿ ಪಯಸ್ವಿನಿ ನದಿ ಆಗಾಗ ಇಣುಕುತ್ತಿತ್ತು. ಕೊಡಗಿನ ಬೆಟ್ಟದಲ್ಲಿ ಹುಟ್ಟುವ ಈ ನದಿ ಕೆಳಗೆ ಕಾಸರಗೋಡಿನ ಕಡೆ ಹೋಗುವಾಗ ಚಂದ್ರಗಿರಿ ಎಂಬ ಹೆಸರಿನಿಂದ ಸಮುದ್ರ ಸೇರುತ್ತದೆ.

ಈ ಸೀಮೆ ನನಗೆ ಹೊಸತಲ್ಲ. 1980ರ ದಶಕದ ಮೊದಲಲ್ಲಿ ಇಲ್ಲಿನ ಒಂದು ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಆಗ ನಮ್ಮ ಲೆಡ್ಜರಿನಲ್ಲಿ ಒಂದು ವಿಚಿತ್ರವಿತ್ತು. ಕೆಲವು ಖಾತೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಒಂದು ನಮೂದು ಇರುತ್ತಿರಲಿಲ್ಲ. ಅವರೆಲ್ಲ ಹೊಳೆಯ ಆಚೆಯವರು. ಬೇಸಿಗೆಯಲ್ಲಿ ಅಡಿಕೆ ಮರದ ಕಾಲುಸಂಕ ದಾಟಿ ಬರುತ್ತಿದ್ದವರು ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಚೆಯೇ ಉಳಿಯುತ್ತಿದ್ದರು. ಮಕ್ಕಳು ಶಾಲೆಗೆ ಬರುವಂತಿಲ್ಲ, ಕಾಯಿಲೆಯವರು ಆಸ್ಪತ್ರೆಗೆ ಬರುವಂತಿಲ್ಲ.

ಈ ಕಥೆ ಬದಲಾಗಲು ಕಾರಣರಾದವರಲ್ಲಿ ಮುಖ್ಯರು ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅವರು ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಕರ್ನಾಟಕ, ಕೇರಳ, ಒಡಿಶಾ ಮೊದಲಾದ ಕಡೆ ನೂರಕ್ಕೂ ಹೆಚ್ಚು ಕಾಲ್ನಡಿಗೆಯ ತೂಗುಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಕಾಂಕ್ರೀಟ್ ಸೇತುವೆ ಬರುವ ತನಕ ಕಾಯದೆ, ಕಡಿಮೆ ಖರ್ಚಿನಲ್ಲಿ, ಬೇಗ ಕಟ್ಟಬಹುದಾದ ಸೇತುವೆಗಳು ಅವು. ಬ್ಯಾಂಕಿನವನ ಕಣ್ಣಿನಲ್ಲಿ ಹೇಳುವುದಾದರೆ, ಒಂದೊಂದು ತೂಗುಸೇತುವೆಯೂ ನಾಲ್ಕು ತಿಂಗಳ ಖಾಲಿ ಪುಟವನ್ನು ತುಂಬಿಸುವಂಥದ್ದು.

ಸ್ನೇಹಿತರ ತೋಟಕ್ಕೆ ಹೋಗುವ ಮುನ್ನ ಅಲ್ಲೇ ಹತ್ತಿರದ ಒಂದು ತೂಗುಸೇತುವೆಯ ಮೇಲೆ ಎಲ್ಲರೂ ನಡೆದೆವು. ಆರನೇ ಕ್ಲಾಸಿನ ಮೊಮ್ಮಗ ನಡುವಿಗೆ ಹೋಗಿ ಕುಣಿದ. ಹತ್ತನೇ ಕ್ಲಾಸಿನ ಮೊಮ್ಮಗಳು ಅವನನ್ನು ಗದರಿಸಿ, ತಲೆಯೆತ್ತಿ ಹಗ್ಗಗಳನ್ನು ನೋಡುತ್ತ ನಿಂತಳು. ಎರಡೂ ದಡದಲ್ಲಿ ಎತ್ತರದ ಕಂಬಗಳು. ಕಂಬದಿಂದ ಕಂಬಕ್ಕೆ ಎರಡು ದಪ್ಪ ಉಕ್ಕಿನ ಹಗ್ಗಗಳು, ನಡುವೆ ಜೋತುಬಿದ್ದ ಹಾಗೆ ಬಾಗಿವೆ. ಆ ಬಾಗಿದ ಹಗ್ಗಗಳಿಂದ ಉದ್ದಕ್ಕೂ ಸಣ್ಣ ಸರಳುಗಳು ಇಳಿದು ನಡೆಯುವ ದಾರಿಯನ್ನು ಹಿಡಿದಿವೆ. ಹಗ್ಗ ಬಾಗಿದೆ, ದಾರಿ ಮಾತ್ರ ಸಪಾಟು. ‘ತಾತ, ಅಪ್ಪ ತಂದಿರೋ ಹ್ಯಾಮಕ್‌ಗೆ ಬ್ರಿಜ್ ಅಂತ ಹೆಸರು ಬಂದಿದ್ದು ಇದಕ್ಕೇನಾ?’ ಎಂದು ಅವಳು ಕೇಳಿದಳು. ಅದಕ್ಕೇ.

ಮಾಮೂಲಿ ಹ್ಯಾಮಕ್ ನೀವು ನೋಡಿರುತ್ತೀರಿ. ಬಟ್ಟೆಯ ಎರಡು ತುದಿಗಳನ್ನು ಮುದುಡಿ ಗಂಟು ಹಾಕಿರುತ್ತಾರೆ. ಅದರಲ್ಲಿ ನೇರವಾಗಿ ಮಲಗಿದರೆ ಮೈ ಬಾಳೆಹಣ್ಣಿನಂತೆ ಬಾಗುತ್ತದೆ. ಸ್ವಲ್ಪ ಓರೆಯಾಗಿ ಮಲಗಿದರೆ ಬಾಗು ಕಡಿಮೆಯಾಗುತ್ತದೆ. ಆದರೂ ಸೊಂಟದ ನೋವಿರುವವರಿಗೆ ಅದು ಎಲ್ಲರಿಗೂ ಹಿಡಿಸುವುದಿಲ್ಲ. ಬ್ರಿಜ್ ಹ್ಯಾಮಕ್‌ನಲ್ಲಿ ಬಟ್ಟೆಯ ಎರಡು ಉದ್ದದ ಅಂಚುಗಳನ್ನು ಬಿಲ್ಲಿನಂತೆ ಬಾಗಿಸಿ ಕತ್ತರಿಸಿ, ಆ ಅಂಚಿನುದ್ದಕ್ಕೂ ಗಟ್ಟಿ ಪಟ್ಟಿ ಹೊಲಿದಿರುತ್ತಾರೆ. ಆ ಪಟ್ಟಿಗಳೇ ಸೇತುವೆಯ ಎರಡು ಹಗ್ಗಗಳು. ತಲೆಯ ಕಡೆ ಒಂದು ಕೋಲು, ಕಾಲಿನ ಕಡೆ ಒಂದು ಕೋಲು ಅಡ್ಡ ನಿಂತು ಎರಡು ಪಟ್ಟಿಗಳನ್ನು ಅಗಲವಾಗಿ ಹಿಡಿಯುತ್ತವೆ. ನಮ್ಮ ಭಾರವನ್ನು ಅಂಚಿನ ಪಟ್ಟಿಗಳು ಉದ್ದಕ್ಕೂ ಹಂಚಿಕೊಳ್ಳುತ್ತವೆ. ನಡುವಿನ ಬಟ್ಟೆ ಸೇತುವೆಯ ದಾರಿಯಂತೆ ಸುಮಾರಾಗಿ ಸಪಾಟಾಗಿ ನಿಲ್ಲುತ್ತದೆ.

ಸ್ನೇಹಿತರ ಮನೆ ತಲುಪಿದಾಗ ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ನನಗಿಂತ ಎರಡು ವರ್ಷ ದೊಡ್ಡವರಾದ ಅವರು ಚೀಲ ಬಿಚ್ಚಿ ನೋಡಿ, ‘ಎಂತ ಮಾರಾಯ್ರೆ ರಾಯರೇ, ಮನೆಯಲ್ಲಿ ಮೂರು ಮಂಚ ಉಂಟು. ಈ ಪ್ರಾಯದಲ್ಲಿ ನಿಮಗೆ ಜೋಲಿ ಯಾಕೆ?’ ಎಂದು ನಕ್ಕರು. ಕಾರಣ ಹೇಳಿದ ಮೇಲೆ ನಗು ನಿಲ್ಲಿಸಿ, ಮರ ಹುಡುಕಲು ತಾವೇ ಮುಂದಾದರು.

ಮರ ಹುಡುಕುವುದು ಸುಲಭವಲ್ಲ. ಅಡಿಕೆ ಮರ ಸಪೂರ, ಮನುಷ್ಯನ ಭಾರಕ್ಕೆ ಬಾಗುತ್ತದೆ. ಸಾಲದ್ದಕ್ಕೆ ಮೇಲಿನಿಂದ ಹಾಳೆ ಬೀಳುತ್ತದೆ. ತೆಂಗಿನ ಮರ ಗಟ್ಟಿ, ಆದರೆ ಅದರಡಿ ಮಲಗಿದವನ ತಲೆಗೆ ಕಾಯಿ ಬಿದ್ದರೆ ಮುಂದಿನ ಮಾತೇ ಇಲ್ಲ. ಕೊನೆಗೆ ಅಂಗಳದ ಆಚೆ ಒಂದು ಹಲಸಿನ ಮರ, ಅದರಿಂದ ಹದಿನೈದು ಅಡಿ ದೂರದಲ್ಲಿ ಒಂದು ಮಾವಿನ ಮರ ಸಿಕ್ಕಿದವು. ಹಲಸು ಆಗಿನ್ನೂ ಕಾಯಿ ಬಿಟ್ಟಿರಲಿಲ್ಲ. ಸ್ನೇಹಿತರು ಮೇಲೆ ಒಣಕೊಂಬೆ ಇದೆಯೇ ಎಂದು ನೋಡಿದರು. ಮೊಮ್ಮಗನನ್ನು ಕರೆದು ಮಾವಿನ ಕಾಂಡದಲ್ಲಿ ಚಗಳಿ ಇರುವೆಯ ಸಾಲು ಇದೆಯೇ ನೋಡಲು ಹೇಳಿದರು. ಅವನು ಮೂಗು ತಾಗುವಷ್ಟು ಹತ್ತಿರ ಹೋಗಿ ‘ಒಂದೂ ಇಲ್ಲ’ ಎಂದು ವರದಿ ಕೊಟ್ಟ. ಮರದ ತೊಗಟೆ ಕೊಯ್ಯಬಾರದೆಂದು ಸಪೂರ ಹಗ್ಗ ಬಿಟ್ಟು ಅಗಲ ಪಟ್ಟಿಯನ್ನೇ ಸುತ್ತಿದೆವು.

ಇನ್ನು ಎಷ್ಟು ಬಿಗಿಯಾಗಿ ಕಟ್ಟಬೇಕು? ಬಟ್ಟೆ ಒಣಹಾಕುವ ಹಗ್ಗದಂತೆ ಎಳೆದು ಕಟ್ಟಿದರೆ ಚೆನ್ನ ಎಂದು ಅನಿಸುತ್ತದೆ. ಇದಕ್ಕೆ ಲೆಕ್ಕ ಬೇರೆಯೇ ಇದೆ. ಮಕ್ಕಳೇ, ನೀವಿಬ್ಬರು ಸೇರಿ ಒಂದು ಬಕೆಟ್ ನೀರು ಎತ್ತಿ ನೋಡಿ. ಹತ್ತಿರ ನಿಂತು ಎತ್ತಿದರೆ ಹಗುರ. ಬಕೆಟ್ಟಿನ ಹಿಡಿಗೆ ಹಗ್ಗ ಕಟ್ಟಿ ದೂರ ದೂರ ಸರಿದು ಎಳೆದರೆ ಕೈ ಕಿತ್ತುಬರುವಂತಾಗುತ್ತದೆ. ಬಕೆಟ್ ಅದೇ, ನೀರೂ ಅದೇ. ಹಗ್ಗ ಮಲಗಿದಷ್ಟೂ ಎಳೆತ ಹೆಚ್ಚು.

ಮೊಮ್ಮಗಳು ಇದನ್ನು ತನ್ನ ತ್ರಿಕೋನಮಿತಿಯಲ್ಲಿ ಲೆಕ್ಕ ಹಾಕಿದಳು. ನನ್ನ ತೂಕ 64 ಕಿಲೋ. ಪಟ್ಟಿ ಅಡ್ಡಗೆರೆಗೆ 30 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಪಟ್ಟಿಯ ಮೇಲೂ 64 ಕಿಲೋ ಎಳೆತ. 20 ಡಿಗ್ರಿಗೆ ಇಳಿಸಿದರೆ ಸುಮಾರು 94 ಕಿಲೋ. 10 ಡಿಗ್ರಿಗೆ ಇಳಿಸಿದರೆ ಸುಮಾರು 184 ಕಿಲೋ! ‘ತಾತ, ನೀವು ದಪ್ಪ ಆಗದೇನೇ ಮೂರು ಪಟ್ಟು ಭಾರ ಆಗ್ತೀರಿ’ ಅಂದಳು. ಬಡ್ಡಿ ಲೆಕ್ಕದಲ್ಲಿ ತಲೆ ನರೆತ ನನಗೂ ಇಂಥ ಚಕ್ರಬಡ್ಡಿ ಕಂಡ ನೆನಪಿಲ್ಲ. ಅವಳು ಕಂಪಾಸ್ ಬಾಕ್ಸಿನಿಂದ ಸೆಟ್ ಸ್ಕ್ವೇರ್ ತಂದು, 30 ಡಿಗ್ರಿಯ ಮೂಲೆಯನ್ನು ಪಟ್ಟಿಗೆ ಹಿಡಿದು, ‘ಇನ್ನೂ ಸ್ವಲ್ಪ ಸಡಿಲ, ಇನ್ನೂ ಸ್ವಲ್ಪ’ ಎಂದು ಅಪ್ಪನಿಗೆ ಆಜ್ಞೆ ಕೊಡುತ್ತಿದ್ದಳು.

ಮಲಗುವವರಿಗೆ ಬೇಕಾದ ಎತ್ತರ ಬೇರೆಯೇ ವಿಷಯ. ಹ್ಯಾಮಕ್‌ನ ನಡುವೆ ಕೂತಾಗ ಅದು ಊಟದ ಕುರ್ಚಿಯಷ್ಟು ಎತ್ತರದಲ್ಲಿರಬೇಕು. ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಮೊದಲು ಮಗ ಕೂತು ನೋಡಿದ, ಆಮೇಲೆ ಮಲಗಿ ನೋಡಿದ. ಕೆಳಗೆ ಬೈಹುಲ್ಲು ತುಂಬಿದ ನಾಲ್ಕು ಗೋಣಿಚೀಲ ಹಾಸಿದೆವು. ಸ್ನೇಹಿತರು ಹಳೆಯ ಅಡಿಕೆ ಮರದ ಒಂದು ಗಟ್ಟಿ ತುಂಡು ತಂದು ಪಕ್ಕದಲ್ಲಿ ಎರಡಡಿ ಆಳಕ್ಕೆ ಹೂತು ನಿಲ್ಲಿಸಿದರು. ‘ಏಳುವಾಗ ಹಿಡಿದುಕೊಳ್ಳಲಿಕ್ಕೆ’ ಎಂದರು. ಇಡೀ ಏರ್ಪಾಟಿನಲ್ಲಿ ಈ ಕಂಬವೇ ನನಗೆ ಹೆಚ್ಚು ಉಪಕಾರ ಮಾಡಿತು. ಅಂಗಡಿಯಿಂದ ಬಂದ ಚೀಲದಲ್ಲಿ ಅದು ಇರಲಿಲ್ಲ.

ಹತ್ತುವ ಕ್ರಮ ಹೀಗೆ. ಹ್ಯಾಮಕ್‌ಗೆ ಬೆನ್ನು ಮಾಡಿ ನಿಂತು, ಬಟ್ಟೆಯ ಅಂಚನ್ನು ಎರಡೂ ಕೈಯಿಂದ ಹಿಡಿದು, ಸರಿಯಾಗಿ ನಡುವೆ ಕೂರಬೇಕು. ಒಂದು ಕ್ಷಣ ಸುಮ್ಮನಿರಬೇಕು. ಆಮೇಲೆ ತಲೆಯ ಕಡೆ ಒರಗುತ್ತ ಕಾಲುಗಳನ್ನು ಒಳಗೆ ತರಬೇಕು. ಕೋಲಿನ ಮೇಲೆ ಕೈಯೂರಬಾರದು, ಒಂದು ಪಕ್ಕ ವಾಲುತ್ತದೆ. ಬ್ರಿಜ್ ಹ್ಯಾಮಕ್ ಮಾಮೂಲಿ ಹ್ಯಾಮಕ್‌ಗಿಂತ ಹೆಚ್ಚು ಓಲಾಡುತ್ತದೆ ಎಂಬುದು ನಿಜ. ಬೆನ್ನು ಕೆಳಗಿಳಿದು ನಡುವೆ ನಿಂತ ಮೇಲೆ ಆ ಓಲಾಟ ನಿಲ್ಲುತ್ತದೆ. ನಾನು ಹಗಲಲ್ಲೇ ಹತ್ತು ಸಲ ಹತ್ತಿ ಇಳಿದೆ. ಮೊಮ್ಮಗ ಎಣಿಸುತ್ತಿದ್ದ.

ರಾತ್ರಿ ಕುಚ್ಚಲಕ್ಕಿ ಗಂಜಿ, ಹಲಸಿನ ಹಪ್ಪಳದ ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ಹ್ಯಾಮಕ್‌ನ ಮೂಲದ ಮಾತು ಬಂತು. ಈ ಜೋಲಿ ಹಾಸಿಗೆ ಅಮೆರಿಕ ಖಂಡದ ಮೂಲನಿವಾಸಿಗಳದ್ದು. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಹೋದಾಗ ಅಲ್ಲಿನ ತೈನೊ ಜನ ಇದರಲ್ಲಿ ಮಲಗುವುದನ್ನು ಕಂಡ. ಅವರ ಮಾತಿನಿಂದಲೇ ಹ್ಯಾಮಕ್ ಎಂಬ ಹೆಸರು ಬಂದದ್ದು. ಒದ್ದೆ ನೆಲ, ಹುಳುಹುಪ್ಪಟೆಯಿಂದ ದೂರವಿರಲು ಅದು ಅವರ ಉಪಾಯ. ಹಡಗು ಹೊರಳಿದರೂ ಜೋಲಿ ನೆಟ್ಟಗೆ ತೂಗುತ್ತದೆಂದು ನಾವಿಕರೂ ಇದನ್ನು ಹಿಡಿದುಕೊಂಡರು. ಚಂದ್ರನ ಮೇಲೂ ಇದು ಹೋಗಿದೆ. 1969ರ ಜುಲೈನಲ್ಲಿ ಚಂದ್ರನ ಮೇಲಿಳಿದ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ತಮ್ಮ ನೌಕೆಯಲ್ಲಿ ಹಾಸಿಗೆಯಿಲ್ಲದೆ ಸರಿಯಾಗಿ ನಿದ್ದೆ ಮಾಡಲಾಗಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಹೋದ ಅಪೊಲೊ 12ರವರಿಗೆ ಹ್ಯಾಮಕ್ ಕೊಟ್ಟು ಕಳಿಸಿದರು.

‘ತೂಗಿದರೆ ನಿದ್ದೆ ಬೇಗ ಬರುತ್ತೆ ಅಂತ ವಿಜ್ಞಾನಿಗಳೂ ಹೇಳಿದ್ದಾರೆ’ ಎಂದ ಮಗ. 2011ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದವರು 12 ಮಂದಿಯನ್ನು ಮಧ್ಯಾಹ್ನದ ಹೊತ್ತು ನಿಧಾನವಾಗಿ ತೂಗುವ ಹಾಸಿಗೆಯಲ್ಲಿ ಮಲಗಿಸಿ ನೋಡಿದ್ದರಂತೆ. ಅಲುಗದ ಹಾಸಿಗೆಗಿಂತ ಅದರಲ್ಲಿ ಬೇಗ ನಿದ್ದೆ ಹತ್ತಿತಂತೆ. ನನ್ನಾಕೆ ಹಪ್ಪಳ ಮುರಿಯುತ್ತ, ‘ಇದನ್ನ ತಿಳಿಯೋಕೆ ಸ್ವಿಟ್ಜರ್ಲೆಂಡಿಗೆ ಹೋಗಬೇಕಿತ್ತೇನೋ? ನಿನ್ನನ್ನ ನನ್ನ ಹಳೇ ಸೀರೆ ಜೋಲಿಯಲ್ಲಿ ಎರಡು ವರ್ಷ ತೂಗಿದ್ದೀನಿ. ಕೈ ನಿಲ್ಲಿಸಿದರೆ ಕಿರುಚ್ತಿದ್ದೆ’ ಅಂದಳು. ಮೊಮ್ಮಕ್ಕಳಿಗೆ ಚಂದ್ರನ ಕಥೆಗಿಂತ ಈ ಕಥೆಯೇ ಹೆಚ್ಚು ರುಚಿಸಿತು.

ಹತ್ತು ಗಂಟೆಗೆ ಮಲಗಿದೆ. ಮೇಲೆ ಸೊಳ್ಳೆಪರದೆ, ಕೆಳಗೆ ಫೋಮ್ ಚಾಪೆ, ಅದರ ಮೇಲೆ ಕಂಬಳಿ. ಜೋಲಿಯಲ್ಲಿ ಮಲಗುವವರಿಗೆ ಹೊದಿಕೆಗಿಂತ ಹಾಸು ಮುಖ್ಯ. ಬೆನ್ನ ಕೆಳಗೆ ಗಾಳಿ ಆಡುವುದರಿಂದ ಚಳಿ ಕೆಳಗಿನಿಂದಲೇ ಹತ್ತುತ್ತದೆ. ಇದು ಸಪಾಟಾಗಿರುವುದರಿಂದ ಚಾಪೆ ಜಾರದೆ ನಿಲ್ಲುತ್ತದೆ. ಮಗ ಪಕ್ಕದಲ್ಲೇ ಟೆಂಟಿನಲ್ಲಿದ್ದ. ಕೈಗೆ ಸಿಗುವಂತೆ ಒಂದು ಟಾರ್ಚು, ಒಂದು ಸೀಟಿ ಇಟ್ಟುಕೊಂಡಿದ್ದೆ.

ಮೊದಲ ಅರ್ಧ ಗಂಟೆ ನಿದ್ದೆ ಬರಲಿಲ್ಲ. ತೋಟದಲ್ಲಿ ಎಲ್ಲೋ ಅಡಿಕೆ ಹಾಳೆ ಬಿದ್ದ ಸದ್ದು, ದೂರದ ಹೆದ್ದಾರಿಯಲ್ಲಿ ಮಂಗಳೂರಿನ ರಾತ್ರಿ ಬಸ್ಸಿನ ಹಾರನ್ನು, ಒಂದು ಗೂಬೆ. ಮಾವಿನೆಲೆಗಳ ನಡುವಿನ ಒಂದು ಕಿಂಡಿಯಲ್ಲಿ ನಾಲ್ಕೈದು ನಕ್ಷತ್ರ. ಆಮೇಲೆ ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಒಂದೂವರೆಗೆ ಎಚ್ಚರವಾಯಿತು. ಪರೀಕ್ಷೆ ಇದ್ದದ್ದು ಇಲ್ಲೇ. ಟಾರ್ಚು ಹಾಕಿದೆ, ಪರದೆ ಸರಿಸಿದೆ, ಎರಡೂ ಕಾಲನ್ನು ಕೆಳಗೆ ಬಿಟ್ಟು ಕೂತೆ, ಅಡಿಕೆ ಕಂಬ ಹಿಡಿದು ಎದ್ದು ನಿಂತೆ. ಮಂಡಿ ಊರಲಿಲ್ಲ, ಯಾರನ್ನೂ ಕರೆಯಲಿಲ್ಲ, ‘ರಾಮ ರಾಮ’ ಕೂಡ ಬೇಕಾಗಲಿಲ್ಲ. ತಿರುಗಿ ಬಂದು ಮಲಗಿದೆ. ನಾಲ್ಕೂವರೆಗೆ ಇನ್ನೊಂದು ಸಲ ಹಾಗೆಯೇ. ಬೆಳಿಗ್ಗೆ ಆರೂವರೆಗೆ ಕಣ್ಣು ಬಿಟ್ಟಾಗ ಮೊಮ್ಮಗ ಪರದೆಗೆ ಮುಖ ಒತ್ತಿ ‘ತಾತ, ಪಾಸಾ ಫೇಲಾ?’ ಎನ್ನುತ್ತಿದ್ದ.

ಲೆಕ್ಕ ಸರಿಯಾಗಿಯೇ ಒಪ್ಪಿಸುತ್ತೇನೆ. ಸೊಂಟ ಹಿಡಿದುಕೊಂಡಿರಲಿಲ್ಲ. ಮನೆಯ ಮಂಚದಲ್ಲಿ ಎದ್ದ ದಿನಕ್ಕಿಂತ ಒಂದು ಪಾಲು ಹಗುರವೇ ಇತ್ತು. ಮಗ್ಗುಲಾಗಿ ಮಲಗಲೂ ಬಂತು. ಮೈಸೂರಿನ ಡಾಕ್ಟರು ಎಡಮಗ್ಗುಲಿಗೆ ಮಲಗಿ ಎನ್ನುವುದರಿಂದ ಅದು ನನಗೆ ಮುಖ್ಯವಾಗಿತ್ತು. ಖರ್ಚಿನ ಕಡೆ ಬಂದರೆ, ಬಟ್ಟೆಯ ಎರಡು ಅಂಚುಗಳು ಭುಜವನ್ನು ಒಳಗೆ ಒತ್ತುತ್ತವೆ. ಅಗಲ ಭುಜದವರಿಗೆ ಇದು ಇನ್ನೂ ಹೆಚ್ಚು ತಿಳಿಯುತ್ತದೆ. ಕೋಲುಗಳಿಂದಾಗಿ ಸಾಮಾನಿನ ಭಾರ ಹೆಚ್ಚು, ಕಟ್ಟಲು ಹೊತ್ತೂ ಹೆಚ್ಚು. ಸರಿಯಾದ ಅಂತರದಲ್ಲಿ ಎರಡು ಗಟ್ಟಿ ಮರ ಇಲ್ಲದ ಕಡೆ ಇದು ಬರೀ ಚೀಲ.

ಎರಡನೆಯ ದಿನ ಮಧ್ಯಾಹ್ನ ನನ್ನಾಕೆ ತಾನಾಗಿ ಬಂದಳು. ಅವಳಿಗೆ ಮಂಡಿನೋವು, ಜೊತೆಗೆ ಓಲಾಡುವುದೆಂದರೆ ಅಂಜಿಕೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಕಂಬ, ಒಂದು ಕೈಯಲ್ಲಿ ಮೊಮ್ಮಗಳ ಭುಜ ಹಿಡಿದು ಕೂತಳು. ‘ಬಿಡಬೇಡ ಕಣೇ’ ಎನ್ನುತ್ತಲೇ ಮಲಗಿದಳು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಐದು ನಿಮಿಷ ಏನೂ ಮಾತಿಲ್ಲ. ಇಣುಕಿದರೆ ಸಣ್ಣಗೆ ಗೊರಕೆ. ಮುಕ್ಕಾಲು ಗಂಟೆ ಬಿಟ್ಟು ಎದ್ದವಳು, ‘ಹಗಲಿಗೆ ಪರವಾಗಿಲ್ಲ. ರಾತ್ರಿ ನನಗೆ ಮಂಚವೇ ಬೇಕು. ಮಡಚೋ ಮಂಚ ಕಾರಿನ ಮೇಲೆ ಕಟ್ಟೋಕೆ ಆಗುತ್ತೇನೋ ನೋಡಪ್ಪ’ ಎಂದು ಮಗನಿಗೆ ಹೇಳಿದಳು. ಮೂರು ವರ್ಷದಲ್ಲಿ ಅವಳು ‘ನಾನು ಬರೋದಿಲ್ಲ’ ಎನ್ನದೆ ಮಂಚದ ಮಾತಾಡಿದ್ದು ಇದೇ ಮೊದಲು.

ನನ್ನ ಓರಗೆಯ ಓದುಗರಿಗೆ ಒಂದೆರಡು ಮಾತು. ತಲೆಸುತ್ತು ಇರುವವರು, ಈಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ. ಮೊದಲ ರಾತ್ರಿ ಮನೆಯ ಹತ್ತಿರವೇ ಇರಲಿ, ಪಕ್ಕದಲ್ಲಿ ಒಬ್ಬರು ಇರಲಿ. ಹಗಲಲ್ಲೇ ಹತ್ತಿ ಇಳಿದು ರೂಢಿ ಮಾಡಿಕೊಳ್ಳಿ. ಹಿಡಿದುಕೊಳ್ಳಲು ಒಂದು ಕಂಬ ಮರೆಯಬೇಡಿ. ಮಕ್ಕಳೇ, ನಿಮಗೂ ಒಂದು ಮಾತು. ಅಜ್ಜ ಅಜ್ಜಿ ‘ನಾವು ಬರೋದಿಲ್ಲ, ನೀವು ಹೋಗಿ ಬನ್ನಿ’ ಎಂದರೆ ಅದಕ್ಕೆ ಮನಸ್ಸು ಕಾರಣವಿರಲಿಕ್ಕಿಲ್ಲ, ಮಂಡಿ ಕಾರಣವಿರಬಹುದು. ಯಾವುದು ಕಷ್ಟ ಎಂದು ಕೇಳಿ. ಹೊಳೆಗೆ ಹೆದರುವವರಿಗೆ ಸೇತುವೆ ಕಟ್ಟಿದ ಹಾಗೆ, ನೆಲಕ್ಕೆ ಹೆದರುವವರಿಗೂ ಏನಾದರೂ ಕಟ್ಟಬಹುದು.

ಏಪ್ರಿಲ್ ಕೊನೆಗೆ ಮೊಮ್ಮಗಳ ಪರೀಕ್ಷೆಯ ಗಲಾಟೆಯೆಲ್ಲ ಮುಗಿದಿರುತ್ತದೆ. ಆಗಿನ ಪ್ರವಾಸದ ಸಾಮಾನು ಪಟ್ಟಿಯನ್ನು ಅವಳೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಅದರಲ್ಲಿ ಹ್ಯಾಮಕ್ ಒಂದು, ಮಡಚುವ ಮಂಚ ಒಂದು, ಸೆಟ್ ಸ್ಕ್ವೇರ್ ಒಂದು. ಪಕ್ಕದ ಮನೆಯವರಿಗೆ ತುಳಸಿಗೆ ನೀರು ಹಾಕಲು ಹೇಳಿದ್ದಾಗಿದೆ.